ಒಂದೇ ಡ್ರಮ್ಮಿನಲ್ಲಿ ಎರಡು ಹಾವು

ಹೋದ ವಾರ ಬರೀತೀನಿ ಅಂದಿದ್ದು ತೆಂಗಿನ ಬುಡಕ್ಕೆ ಹಸಿರೆಲೆ ಗೊಬ್ಬರದ ವಿಚಾರ. ಅದು ಮುಂದಿನ ಸಾರಿ. ಈ ವಾರ ಹಾವಿನ ವಿಚಾರ ಬಂತು, ಅದೂ ಅಮೆರಿಕದಿಂದ. ಬರೆಯೋಣ ಅಂತ ಕೂತ್ರೆ ಆರು ವರ್ಷದಿಂದ ಯಾರ ಹತ್ರಾನೂ ಸರಿಯಾಗಿ ಹೇಳದೇ ಇದ್ದ ನನ್ನದೇ ಒಂದು ತಪ್ಪು ಎದ್ದು ಬಂತು. ಅದನ್ನೂ ಸೇರಿಸಿ ಬರೀತಿದೀನಿ. ಉದ್ದ ಆಗುತ್ತೆ, ಬಿಡುವಾದಾಗ ಓದಿ.

ನನ್ನ ತಂಗಿ ಮಗ ಅಮೆರಿಕದ ಡಲ್ಲಾಸ್ ಹತ್ರ ಇದಾನೆ. ಅವನ ಮಗನಿಗೆ ಹದಿಮೂರು ವರ್ಷ. ಭಾನುವಾರ ಬೆಳಿಗ್ಗೆ ನಾನು ಹಾಲು ಕರೆದು ಬರೋ ಹೊತ್ತಿಗೆ ಅವರಿಗೆ ಶನಿವಾರ ರಾತ್ರಿ, ಆಗ ವಿಡಿಯೋ ಕಾಲ್ ಮಾಡ್ತಾರೆ. ಹೋದ ಭಾನುವಾರ ಫೋನ್ ಎತ್ತಿದರೆ ಹುಡುಗನ ಮುಖದ ಬದಲು ಗಾಜಿನ ಪೆಟ್ಟಿಗೆ ಕಾಣ್ತು. ಒಳಗೆ ಎರಡು ಹಾವು, ಒಂದರ ಮೇಲೊಂದು ಸುತ್ತಿ ಮಲಗಿದ್ದವು. ನನ್ನ ಹೆಂಡ್ತಿ ಪಕ್ಕದಲ್ಲೇ ನಿಂತಿದ್ದೋಳು "ಅಯ್ಯೋ ಶಿವನೇ" ಅಂತ ಒಳಗೆ ಹೋದ್ಲು.

ಅದು ಬಾಲ್ ಪೈಥಾನ್ ಅನ್ನೋ ಹಾವಂತೆ. ಆಫ್ರಿಕಾ ಕಡೇದು, ಹೆಬ್ಬಾವಿನ ಜಾತಿ, ಆದರೆ ಗಿಡ್ಡ. ಮೂರರಿಂದ ಐದು ಅಡಿ ಬೆಳೆಯುತ್ತೆ. ವಿಷ ಇಲ್ಲ. ಹೆದರಿದರೆ ತಲೆ ಒಳಗೆ ಇಟ್ಕೊಂಡು ಚೆಂಡಿನ ಥರ ಉಂಡೆ ಆಗುತ್ತೆ, ಅದಕ್ಕೇ ಆ ಹೆಸರು. ಅಲ್ಲಿ ನಾಯಿ ಬೆಕ್ಕು ಸಾಕಿದ ಹಾಗೆ ಸಾಕ್ತಾರೆ, ಅಂಗಡಿಯಲ್ಲೇ ಸಿಗುತ್ತೆ. ನಮ್ಮಲ್ಲಿ ಯಾರಾದ್ರೂ ಇದನ್ನ ಓದಿ ಬೇಲಿಯ ಹಾವು ಹಿಡಿದು ಪೆಟ್ಟಿಗೆಗೆ ಹಾಕೋಕೆ ಹೋದೀರ, ಜೋಕೆ. ನಾಗರ, ಕೇರೆ, ಮಂಡಲ, ಹೆಬ್ಬಾವು, ಯಾವುದನ್ನ ಹಿಡಿದು ಇಟ್ಕೊಂಡರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಜೈಲು ಉಂಟು.

ತಂಗಿ ಮಗ ಕೇಳಿದ್ದು ಇಷ್ಟು: "ಮಾವ, ಮೊದಲು ಒಂದೇ ಇತ್ತು. ಒಂಟಿಯಾಗಿ ಬೇಜಾರು ಮಾಡ್ಕೊಳ್ಳುತ್ತೆ ಅಂತ ಇವನು ಹಟ ಮಾಡಿ ಇನ್ನೊಂದು ತರಿಸಿದ. ಜಾಗ ಒಂದೇ ಸಾಕು ಅಂತ ಒಂದೇ ಪೆಟ್ಟಿಗೇಲಿ ಇಟ್ವಿ. ಎರಡೂ ಚೆನ್ನಾಗಿ ತಬ್ಕೊಂಡು ಮಲಗ್ತವೆ. ಆದರೆ ಚಿಕ್ಕದು ಏಳು ವಾರದಿಂದ ಏನೂ ತಿಂದಿಲ್ಲ. ನೀವು ಹಳ್ಳೀಲಿ ದಿನಾ ಹಾವು ನೋಡೋರು, ಏನ್ ಮಾಡೋಣ ಹೇಳಿ."

ನಾನು ಎಸ್ಸೆಸ್ಸೆಲ್ಸಿ ಪಾಸು, ಅದರಲ್ಲೂ ವಿಜ್ಞಾನದಲ್ಲಿ ನಲವತ್ತೊಂದು. ಆಫ್ರಿಕಾದ ಹಾವಿನ ವಿಚಾರ ನನಗೆಲ್ಲಿ ಗೊತ್ತು. ಆದರೆ ಆ ಪೆಟ್ಟಿಗೆ ನೋಡಿದ ತಕ್ಷಣ ಹೊಟ್ಟೆಯೊಳಗೆ ಒಂಥರಾ ಆಯ್ತು. ನನಗೆ ಕಂಡಿದ್ದು ಗಾಜಿನ ಪೆಟ್ಟಿಗೆ ಅಲ್ಲ, ನಮ್ಮ ಕೊಟ್ಟಿಗೆಯ ಮೂಲೆಯಲ್ಲಿದ್ದ ನೀಲಿ ಡ್ರಮ್ಮು.

ಆರು ವರ್ಷದ ಹಿಂದಿನ ಮಾತು. ಭಾದ್ರಪದದ ಮಳೆ. ಬಚ್ಚಲಲ್ಲಿ ಹಂಡೆ ಒಲೆ ಪಕ್ಕ ಸೌದೆ ಜೋಡಿಸಿರ್ತೀವಲ್ಲ, ಅದರ ಸಂದಿಯಲ್ಲಿ ನಾಗರ ಹಾವು ಸೇರ್ಕೊಂಡಿತ್ತು. ನಾಲ್ಕೂವರೆ ಅಡಿ ಇದ್ದೀತು. ಹೆಂಡ್ತಿ ಸೌದೆ ಎಳೆಯೋಕೆ ಕೈ ಇಟ್ಟಾಗ ಬುಸ್ ಅಂದಿದ್ದಕ್ಕೆ ಬಚಾವು. ಪೇಟೆಯ ಗ್ಯಾರೇಜಿನಲ್ಲಿ ಬೈಕ್ ರಿಪೇರಿ ಮಾಡೋ ಒಬ್ಬ ಹುಡುಗ ಹಾವು ಹಿಡೀತಾನೆ, ನಮ್ಮ ಕಡೆಯವರಿಗೆಲ್ಲ ಗೊತ್ತು. ಫೋನ್ ಮಾಡಿದೆ, ಸುರಿಯೋ ಮಳೇಲೇ ಬಂದ. ಹತ್ತು ನಿಮಿಷದಲ್ಲಿ ಹಿಡಿದ. ಆದರೆ ಅವನ ಹತ್ರ ಇದ್ದ ಬಟ್ಟೆ ಚೀಲದಲ್ಲಿ ಅದಾಗಲೇ ಒಂದು ಕೊಳಕುಮಂಡಲ ಇತ್ತು, ಬರೋ ದಾರೀಲಿ ಇನ್ನೊಂದು ಮನೇಲಿ ಹಿಡಿದಿದ್ದು. ಅದಕ್ಕೆ ನಮ್ಮ ಮನೆಯ ಬಾಯಿ ಅಗಲದ ನೀಲಿ ಡ್ರಮ್ಮು ಕೇಳಿ ಈಸ್ಕೊಂಡು, ಮುಚ್ಚಳಕ್ಕೆ ಸಣ್ಣ ಸಣ್ಣ ತೂತು ಮಾಡಿ, ನಾಗರನ ಅದಕ್ಕೆ ಬಿಟ್ಟು ಮುಚ್ಚಳ ಬಿಗಿ ಮಾಡಿದ. "ಅಣ್ಣ, ಬೈಕಲ್ಲಿ ಎರಡೂ ತಗೊಂಡು ಹೋಗೋಕಾಗಲ್ಲ. ಬೆಳಿಗ್ಗೆ ಇಲಾಖೆಯೋರ ಜೊತೆ ಬರ್ತೀನಿ. ಡ್ರಮ್ ಮಾತ್ರ ಮುಟ್ಬೇಡಿ" ಅಂತ ಹೇಳಿ ಹೋದ. ಈಗ ಯೋಚನೆ ಮಾಡಿದ್ರೆ, ಅಷ್ಟು ಅವಸರದಲ್ಲೂ ಆ ಹುಡುಗ ಮಂಡಲ ಇದ್ದ ಚೀಲಕ್ಕೆ ನಾಗರನ ಹಾಕಲಿಲ್ಲ ನೋಡಿ. ಆವತ್ತು ನನಗೆ ಅದು ಹೊಳೀಲೇ ಇಲ್ಲ.

ಸಾಯಂಕಾಲ ಅಟ್ಟದಲ್ಲಿ ಕಾಯಿ ಸುಲಿಯೋರು ಕೂಗಿಕೊಂಡ್ರು. ಹತ್ತಿ ನೋಡಿದ್ರೆ ಕೇರೆ. ಎಳೇದು, ಮೂರು ಅಡಿ ಚಿಲ್ಲರೆ. ಅದು ನನಗೆ ಗುರುತಿನ ಹಾವು. ಬೇಸಿಗೆಯಿಂದ ಅಟ್ಟದಲ್ಲೇ ಓಡಾಡ್ಕೊಂಡಿತ್ತು, ಒಂದೆರಡು ಸಾರಿ ಪೊರೆ ಬಿಟ್ಟಿದ್ದೂ ಸಿಕ್ಕಿತ್ತು. ಅದು ಬಂದ ಮೇಲೆ ಇಲಿ ಕಾಟ ಅರ್ಧಕ್ಕರ್ಧ ಕಡಿಮೆ ಆಗಿತ್ತು. ನಮ್ಮ ಕಡೆ ಕೊಬ್ಬರಿ ಅಂದ್ರೆ ನಿಮಗೆ ಗೊತ್ತಲ್ಲ, ಹತ್ತು ಹನ್ನೊಂದು ತಿಂಗಳು ಕಾಯಿ ಅಟ್ಟದಲ್ಲಿ ಕೂರಬೇಕು, ಆಮೇಲೆ ಸುಲಿದು ಚೀಲ ಕಟ್ಟಿ ಬೆಲೆ ಬರೋ ತನಕ ಮತ್ತೆ ಕಾಯಬೇಕು. ಅಷ್ಟು ದಿನ ಇಲಿಯಿಂದ ಕಾಯೋರು ಯಾರು? ಬೆಕ್ಕು ಹಾಲು ಕುಡಿದು ಜಗಲಿ ಮೇಲೆ ಮಲಗುತ್ತೆ. ಕೇರೆ ಬಿಲದೊಳಕ್ಕೇ ಹೋಗುತ್ತೆ.

ಸುಲಿಯೋರಲ್ಲಿ ಒಬ್ಬ ದೊಣ್ಣೆ ಎತ್ತಿದ್ದ. ನಾನು ತಡೆದು, ಬಾಲ ಹಿಡಿದು ಗೋಣಿಚೀಲಕ್ಕೆ ಇಳಿಸಿದೆ. ಮುಂಗೈಗೆ ಒಂದು ಕಚ್ಚು ಕಚ್ಚಿತು, ಗೀರಿದ ಹಾಗೆ ರಕ್ತ ಬಂತು ಅಷ್ಟೇ, ಕೇರೆಗೆ ವಿಷ ಇಲ್ಲ. ಅದನ್ನ ಹಂಗೇ ತೋಟದ ಆ ಕೊನೇಲಿ ಬಿಟ್ಟು ಬಂದಿದ್ರೆ ಕತೆ ಮುಗೀತಿತ್ತು. ಆದರೆ ಸುಲಿಯೋರು ಹಟ ಹಿಡಿದ್ರು. ತೋಟಕ್ಕೆ ಬಿಟ್ರೆ ರಾತ್ರಿಗೆ ವಾಪಸ್ ಬರುತ್ತೆ, ನಾಳೆ ನಾವು ಅಟ್ಟ ಹತ್ತಲ್ಲ ಅಂದ್ರು. ಸುಗ್ಗಿಯಲ್ಲಿ ಆಳು ಸಿಗೋದೇ ಕಷ್ಟ. ಹೆಂಡ್ತಿನೂ "ಹೆಂಗೂ ಬೆಳಿಗ್ಗೆ ಆ ಹುಡುಗ ಬರ್ತಾನಲ್ಲ ರೀ, ಇದನ್ನೂ ತಗೊಂಡು ಹೋಗ್ಲಿ" ಅಂದ್ಲು. ಗೋಣಿಚೀಲದಲ್ಲೇ ಇಡೋಣ ಅಂದ್ರೆ ಅದಕ್ಕೆ ಇಲಿ ಹಾಕಿದ ತೂತು. ಮುಚ್ಚಳ ಇರೋ ಬೇರೆ ಡ್ರಮ್ ಇರಲಿಲ್ಲ. ಇದ್ದ ಇನ್ನೊಂದರಲ್ಲಿ ಹಿಂಡಿ ನೆನೆಹಾಕಿದ್ದೆ.

ಆಗ ಪಕ್ಕದ ಮನೆ ದೊಡ್ಡಪ್ಪ ಅಂದ್ರು, "ಲೇ, ಅದೇ ಡ್ರಮ್ಮಿಗೆ ಬಿಡೋ. ನಾಗರ ಗಂಡು, ಕೇರೆ ಹೆಣ್ಣು. ಗಂಡ ಹೆಂಡ್ತಿ ಕಣೋ ಅವು. ಒಂದು ಸಿಕ್ಕಿದ ಕಡೆ ಇನ್ನೊಂದು ಹುಡುಕ್ಕೊಂಡು ಬಂದೈತೆ ನೋಡು, ಬೇರೆ ಮಾಡಬಾರದು."

ನೀವೂ ಈ ಮಾತು ಕೇಳಿರ್ತೀರಿ. ನಮ್ಮಜ್ಜಿ ಹೇಳೋರು, ನಿಮ್ಮಜ್ಜಿನೂ ಹೇಳಿರ್ತಾರೆ. ಬದುವಿನ ಮೇಲೆ ಎರಡು ಹಾವು ಎದ್ದು ನಿಂತು ಹುರಿಹಗ್ಗ ಹೊಸೆದ ಹಾಗೆ ಹೆಣೆದುಕೊಂಡು ಆಡ್ತಿದ್ರೆ ನಾಗರಕ್ಕೂ ಕೇರೆಗೂ ಮಿಲನ ಅಂತ ಹೇಳಿ ದೂರದಿಂದ ಬಿಳಿ ಪಂಚೆ ಎಸೆಯೋರು. ಆ ಪಂಚೆ ಪೆಟ್ಟಿಗೇಲಿ ಇಟ್ಟರೆ ದುಡ್ಡು ನಿಲ್ಲುತ್ತೆ ಅಂತ. ನನ್ನ ಚಿಕ್ಕಪ್ಪ ಒಬ್ಬರು ಹೊಸ ಪಂಚೆಯನ್ನೇ ಎಸೆದು ಕಳ್ಕೊಂಡಿದ್ರು, ದುಡ್ಡೂ ನಿಲ್ಲಲಿಲ್ಲ, ಪಂಚೆಯೂ ಸಿಗಲಿಲ್ಲ. ನಲವತ್ತೆಂಟು ವರ್ಷ ವಯಸ್ಸಾಗಿದ್ರೂ ಆವತ್ತು ನಾನೂ ಆ ಮಾತನ್ನ ಮುಕ್ಕಾಲು ನಂಬಿದ್ದೆ. ಕಾಲು ಭಾಗ ಅನುಮಾನ ಇತ್ತು, ಆದರೆ ಕತ್ತಲಾಗಿತ್ತು, ಮಳೆ ಬರ್ತಿತ್ತು, ಹೊಟ್ಟೆ ಹಸಿದಿತ್ತು.

ಡ್ರಮ್ಮಿನ ಮುಚ್ಚಳ ಸಡಿಲ ಮಾಡಿ, ಒಂದು ಅಂಗೈಯಷ್ಟು ಓರೆ ಮಾಡಿ, ಗೋಣಿಚೀಲದ ಬಾಯಿ ಸಂದಿಗೆ ತೂರಿಸಿ ಒದರಿದೆ. ಕೇರೆ ಸರ್ರನೆ ಇಳೀತು. ಒಳಗಿಂದ ನಾಗರ ಬುಸ್ ಅಂದಿದ್ದು ಡ್ರಮ್ಮಿನಲ್ಲಿ ಕುಕ್ಕರ್ ಕೂಗಿದ ಹಾಗೆ ಕೇಳ್ತು. ಮುಚ್ಚಳ ಬಿಗಿದೆ. ಕೈ ನಡುಗ್ತಿತ್ತು. ನಾಗರ ಇರೋ ಡ್ರಮ್ಮಿನ ಮುಚ್ಚಳವನ್ನ ಕತ್ತಲಲ್ಲಿ, ಬ್ಯಾಟರಿ ಬೆಳಕಲ್ಲಿ ಬಿಚ್ಚಿದೆನಲ್ಲ, ಆ ದಡ್ಡತನಕ್ಕೆ ನನ್ನ ಪ್ರಾಣವೇ ಹೋಗಬೇಕಿತ್ತು. ದಯವಿಟ್ಟು ಯಾರೂ ಮಾಡಬೇಡಿ.

ರಾತ್ರಿ ಊಟ ಮಾಡಿ ಮಲಗಿದ ಮೇಲೆ ಹೆಂಡ್ತಿ ಎಬ್ಬಿಸಿದ್ಲು. "ರೀ, ಕೊಟ್ಟಿಗೇಲಿ ಡ್ರಮ್ ದಡಬಡ ಅಂತೈತೆ." ಕೇಳಿಸ್ಕೊಂಡೆ. ಹೌದು, ಒಳಗಿಂದ ಯಾರೋ ಗುದ್ದಿದ ಹಾಗೆ. "ಆಡ್ಕೊಳ್ತಾ ಅವೆ, ಮಲಗು" ಅಂದೆ. ಈ ಒಂದು ಮಾತು ನನಗೆ ಇವತ್ತಿಗೂ ಚುಚ್ಚುತ್ತೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು, ನಾನು ನಿದ್ದೆ ಹೋದೆ.

ಬೆಳಿಗ್ಗೆ ಏಳಕ್ಕೆ ಹುಡುಗ ಬಂದ, ಜೊತೆಗೆ ಇಲಾಖೆಯ ಒಬ್ಬರು. ಅಣ್ಣ, ಒಂದು ಕೇರೆನೂ ಐತೆ ಒಳಗೆ ಅಂದೆ. ಅವನು ಮುಖ ನೋಡಿದ, ಏನೂ ಮಾತಾಡಲಿಲ್ಲ. ಡ್ರಮ್ ಅಂಗಳಕ್ಕೆ ತಂದು, ಮುಚ್ಚಳ ತೆಗೆದು, ಕೊಕ್ಕೆಯಲ್ಲಿ ನಾಗರನ ಎತ್ತಿ ನೆಲಕ್ಕೆ ಬಿಟ್ಟ. ಒಂದೇ ಹಾವು. ಹೊಟ್ಟೆ ದಪ್ಪಗೆ, ಉದ್ದಕ್ಕೂ ಅಂಕುಡೊಂಕು. ಹೆಡೆ ಎತ್ತೋಕೂ ಆಗದೆ ಹಂಗೇ ಎರಡು ಮಾರು ಹರೀತು, ನಿಂತಿತು, ಬಾಯಿ ಕಳೀತು. ಹೆದರಿದ ಹಾವು ತಿಂದಿದ್ದನ್ನ ಕಕ್ಕಿಬಿಡುತ್ತಂತೆ, ಹಗುರ ಆಗಿ ಓಡೋಕೆ. ಮೊದಲು ಬಾಲ ಬಂತು. ಆಮೇಲೆ ಸ್ವಲ್ಪ ಸ್ವಲ್ಪವೇ ಮೈ. ಕೊನೆಗೆ ತಲೆ. ತಲೆ ಕಡೆಯಿಂದ ನುಂಗಿತ್ತಲ್ಲ, ಹಂಗಾಗಿ ತಲೆ ಕೊನೆಗೆ. ಮೈಮೇಲೆಲ್ಲ ಜೊಲ್ಲು, ತಲೆಯ ಹತ್ರ ಬಣ್ಣ ಮಾಸಿತ್ತು. ನನ್ನ ಅಟ್ಟದ ಕೇರೆ.

ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ಬೀಡಿ ಆರಿಸಿ ಎದ್ದು ಹೋದ್ರು. ಹುಡುಗ ಬೈಯ್ಯಲಿಲ್ಲ, ಬೈದಿದ್ರೆ ಚೆನ್ನಾಗಿತ್ತು. "ಅಣ್ಣ, ನಾಗರಕ್ಕೆ ಇಲಿ, ಕಪ್ಪೆ ಹೆಂಗೋ ಹಾವೂ ಹಂಗೇ ಊಟ. ತನ್ನ ಜಾತೀದನ್ನೂ ಬಿಡಲ್ಲ. ಕಟ್ಟುಹಾವೂ ಅಷ್ಟೇ. ಅದಕ್ಕೇ ನಾವು ಒಂದು ಚೀಲಕ್ಕೆ ಒಂದೇ ಹಾವು ಹಾಕೋದು. ಒಂದೇ ಮನೇಲಿ ಸಿಕ್ಕಿದ್ರೂ, ಒಂದೇ ತಾಯಿ ಮಕ್ಕಳಾದ್ರೂ ಬೇರೆ ಬೇರೆ ಚೀಲ" ಅಂದ. ಗಂಡ ಹೆಂಡ್ತಿ ವಿಚಾರ ಕೇಳಿದೆ. ನಕ್ಕ. ಕೇರೆಯಲ್ಲೇ ಗಂಡು ಬೇರೆ ಹೆಣ್ಣು ಬೇರೆ ಇದಾವೆ, ನಾಗರದಲ್ಲೂ ಹಂಗೇ. ನಾವು ಬದುವಿನ ಮೇಲೆ ನೋಡೋ ಹೆಣಿಗೆ ಇದೆಯಲ್ಲ, ಅದು ಬಹುಪಾಲು ಎರಡು ಗಂಡು ಕೇರೆಗಳ ಕುಸ್ತಿಯಂತೆ. ಒಂದನ್ನೊಂದು ನೆಲಕ್ಕೆ ಒತ್ತೋಕೆ ನೋಡ್ತವೆ, ಸೋತದ್ದು ಜಾಗ ಬಿಟ್ಟು ಹೋಗುತ್ತೆ. ನಾವು ಪಂಚೆ ಎಸೆದಿದ್ದು ಜಗಳಕ್ಕೆ.

ಆಮೇಲೆ ತಿಳ್ಕೊಂಡೆ, ಆಗುಂಬೆ ಕಡೆ ಇರೋ ಕಾಳಿಂಗ ಸರ್ಪಕ್ಕೆ ಹಾವೇ ಮುಖ್ಯ ಊಟ, ಅದರಲ್ಲೂ ಕೇರೆ ಬಲು ಇಷ್ಟ. ಅದರ ವಿಜ್ಞಾನದ ಹೆಸರಿನ ಅರ್ಥವೇ ಹಾವು ತಿನ್ನೋದು ಅಂತ. 2024ರಲ್ಲಿ ನಮ್ಮ ಪಶ್ಚಿಮ ಘಟ್ಟದ ಕಾಳಿಂಗವನ್ನ ಬೇರೆಯೇ ಜಾತಿ ಅಂತ ಗುರುತಿಸಿ, ನಮ್ಮ ಕನ್ನಡದ ಕಾಳಿಂಗ ಅನ್ನೋ ಮಾತನ್ನೇ ಅದಕ್ಕೆ ಹೆಸರಿಟ್ಟಿದಾರೆ. ಓದಿ ಖುಷಿ ಆಯ್ತು, ಇದು ಸುಮ್ನೆ ಮಧ್ಯದಲ್ಲಿ ಹೇಳಿದೆ.

ಕೇರೆಯನ್ನ ತೆಂಗಿನ ಬುಡದಲ್ಲಿ ಮಣ್ಣು ಮಾಡಿದೆ. ನಾಗರನ ಅವರು ತಗೊಂಡು ಹೋದ್ರು. ನನ್ನ ಹೆಂಡ್ತಿ ನಾಗರಕ್ಕೆ ತೊಂದರೆ ಆಯ್ತು ಅಂತ ಸೋಮವಾರ ಹುತ್ತಕ್ಕೆ ಹಾಲೆರೆದು ಬಂದ್ಲು. ಕೇರೆಗೆ ಯಾರೂ ಏನೂ ಎರೆಯಲಿಲ್ಲ. ಯೋಚನೆ ಮಾಡಿ, ನಾಗರಕ್ಕೆ ಪಂಚಮಿ ದಿನ ತನಿ, ಕೇರೆಗೆ ವರ್ಷವಿಡೀ ದೊಣ್ಣೆ. ಕಚ್ಚಿ ಸಾಯಿಸೋದಕ್ಕೆ ಕೈ ಮುಗೀತೀವಿ, ಇಲಿ ತಿಂದು ಬದುಕಿಸೋದನ್ನ ಹೊಡೀತೀವಿ.

ಆ ವರ್ಷ ಬೆಲೆ ಬರಲಿ ಅಂತ ಒಂಬತ್ತು ಚೀಲ ಕೊಬ್ಬರಿ ಸಂಕ್ರಾಂತಿ ತನಕ ಇಟ್ಕೊಂಡೆ. ಬೆಲೆ ಸ್ವಲ್ಪ ಬಂತು. ಚೀಲ ಇಳಿಸಿ ನೋಡಿದ್ರೆ ಎರಡು ಚೀಲದಲ್ಲಿ ಕೊಬ್ಬರಿ ಅನ್ನೋದು ಬರೀ ಚಿಪ್ಪಿನ ಹಾಗೆ, ಒಳಗೆಲ್ಲ ಕೊರೆದು ಹಿಕ್ಕೆ ತುಂಬಿತ್ತು. ಇನ್ನೊಂದು ಚೀಲ ಉಚ್ಚೆ ವಾಸನೆಗೆ ವ್ಯಾಪಾರಿ ಮುಟ್ಟಲಿಲ್ಲ. ರಾಗಿ ಚೀಲವೂ ಬಿಡಲಿಲ್ಲ. ಇಲಿ ಪಾಷಾಣ ಇಟ್ಟೆ, ಅದನ್ನ ತಿಂದ ಇಲಿಯನ್ನ ನಮ್ಮ ಬೆಕ್ಕು ತಿಂದು ಸತ್ತಿತು. ಹಿಂಗೆ ಒಂದು ರಾತ್ರಿಯ ಸೋಮಾರಿತನ ಎಲ್ಲಿಂದ ಎಲ್ಲಿಗೋ ಹೋಯ್ತು.

ಈಗ ಡಲ್ಲಾಸಿಗೆ ಬರೋಣ. ಈ ಕತೆಯನ್ನೆಲ್ಲ ತಂಗಿ ಮಗನಿಗೆ ಹೇಳಿದೆ. ಪಕ್ಕದಲ್ಲಿ ಕೂತು ಹುಡುಗನೂ ಕೇಳಿಸ್ಕೊಂಡ. ಅವನಿಗೆ ಕನ್ನಡ ಚೆನ್ನಾಗೇ ಬರುತ್ತೆ, ಮಾತಾಡುವಾಗ ಮಾತ್ರ ಸ್ವಲ್ಪ ಉರುಳಿಸ್ತಾನೆ. ಕತೆ ಮುಗಿಯೋ ಹೊತ್ತಿಗೆ ಅವನಿಗೆ ಸಿಟ್ಟು ಬಂದಿತ್ತು. "ತಾತ, ಇದು ಕೋಬ್ರಾ ಅಲ್ಲ. ಬಾಲ್ ಪೈಥಾನ್ ಹಾವು ತಿನ್ನಲ್ಲ, ಇಲಿ ತಿನ್ನುತ್ತೆ. ಇಲ್ಲಿ ಕಿಂಗ್ ಸ್ನೇಕ್ ಅಂತ ಇದೆ, ಅದು ಬೇರೆ ಹಾವು ತಿನ್ನುತ್ತೆ. ಆಮೇಲೆ ಕೆನಡಾದಲ್ಲಿ ಗಾರ್ಟರ್ ಹಾವು ಸಾವಿರಾರು ಒಂದೇ ಗುಂಡಿಯಲ್ಲಿ ಇರ್ತವೆ, ಗೊತ್ತಾ?" ಅಂದ. ಅಲ್ಲೇ ಫೋಟೋನೂ ಕಳಿಸಿದ. ಮ್ಯಾನಿಟೋಬಾ ಅನ್ನೋ ಕಡೆ, ಸುಣ್ಣದ ಕಲ್ಲಿನ ಗುಂಡಿಯಲ್ಲಿ, ಶಾವಿಗೆ ಸುರಿದ ಹಾಗೆ ಹಾವು. ಚಳಿಗಾಲವೆಲ್ಲ ನೆಲದೊಳಗೆ ಒಟ್ಟಿಗಿದ್ದು ವಸಂತಕ್ಕೆ ಮೇಲೆ ಬರ್ತವಂತೆ. ನನ್ನ ಜನ್ಮದಲ್ಲಿ ಅಂಥಾದ್ದು ನೋಡಿರಲಿಲ್ಲ.

ಹುಡುಗನ ಮಾತಲ್ಲಿ ನ್ಯಾಯ ಇದೆ. ಎಲ್ಲಾ ಹಾವಿಗೂ ನಾಗರದ ಲೆಕ್ಕ ಹಿಡಿಯೋದು ತಪ್ಪು. ಆದರೆ ಸಂತೆ ದಿನ ನಾವು ನೂರು ಜನ ಒಂದೇ ಬಸ್ಸಿನಲ್ಲಿ ಒಬ್ಬರ ಮೇಲೊಬ್ಬರು ನಿಂತು ಬರ್ತೀವಿ, ಹಂಗಂತ ವರ್ಷಪೂರ್ತಿ ಬಸ್ಸಲ್ಲಿ ಸಂಸಾರ ಮಾಡೋಕಾಗುತ್ತಾ? ಚಳಿಗೆ ಬೇರೆ ದಾರಿ ಇಲ್ಲದೆ ಆ ಗುಂಡಿ. ಚಳಿ ಮುಗಿದ ಮೇಲೆ ಅವೂ ಚದುರಿ ಹೋಗ್ತವೆ. ಇದನ್ನ ಹೇಳಿದೆ. ಅವನು ಉತ್ತರ ಕೊಡಲಿಲ್ಲ, ಆದರೆ ಫೋನ್ ಇಡಲೂ ಇಲ್ಲ.

ಆಮೇಲೆ ನಾನು ಕೊಟ್ಟಿಗೆ ಪ್ರಶ್ನೆಗಳನ್ನ ಕೇಳೋಕೆ ಶುರು ಮಾಡಿದೆ. ಆ ಪೆಟ್ಟಿಗೇಲಿ ಬಿಸಿ ಜಾಗ ಎಷ್ಟಪ್ಪ? ಒಂದೇ, ಒಂದು ಮೂಲೆಯಲ್ಲಿ ಕೆಳಗಿಂದ ಬಿಸಿ ಕೊಡೋ ಪ್ಯಾಡ್, ಅಲ್ಲಿ 32 ಡಿಗ್ರಿ ಇರುತ್ತೆ, ಇನ್ನೊಂದು ಕಡೆ 26. ಅಡಗೋ ಜಾಗ ಎಷ್ಟು? ಒಂದು ಗೂಡು, ಅದೂ ಆ ಬಿಸಿ ಮೂಲೆಯಲ್ಲೇ. ಮೇಲೆ ಮಲಗೋದು ಯಾವುದು? ಯಾವಾಗಲೂ ದೊಡ್ಡದು. ಊಟ ಬಿಟ್ಟಿರೋದು? ಚಿಕ್ಕದು.

ಅಷ್ಟು ಸಾಕಾಯ್ತು ನನಗೆ. ಮೇಕೆ ಸಾಕೋರಿಗೆ ಇದು ಹೊಸದಲ್ಲ. ಒಂದೇ ಗೋದ್ಲಿಗೆ ಎಂಟು ಮೇಕೆ ಬಿಟ್ಟರೆ ಜೋರಿನ ಮೇಕೆ ಹಾಯದೇ ಇದ್ದರೂ ಸರಿ, ಸುಮ್ನೆ ಅಡ್ಡ ನಿಂತರೆ ಸಾಕು, ಬಡ ಮರಿ ಹಿಂದೆ ಸರಿಯುತ್ತೆ. ದೂರದಿಂದ ನೋಡೋರಿಗೆ ಎಲ್ಲ ಒಟ್ಟಿಗೆ ತಿಂತಾ ಇರೋ ಹಾಗೆ ಕಾಣುತ್ತೆ. ತಿಂಗಳು ಕಳೆದು ಬೆನ್ನು ಸವರಿದಾಗ ಮೂಳೆ ಸಿಗುತ್ತೆ. ಇದೂ ಅದೇ. ತಬ್ಬಿಕೊಂಡಿರೋದಲ್ಲ ಅದು, ಬಿಸಿ ಜಾಗವನ್ನ ದೊಡ್ಡದು ಹಿಡ್ಕೊಂಡಿದೆ. ಚಿಕ್ಕದಕ್ಕೆ ಹೋಗೋಕೆ ಬೇರೆ ಕಡೆ ಇಲ್ಲ, ಅಡಗೋಕೆ ಇನ್ನೊಂದು ಗೂಡಿಲ್ಲ, ಅದಕ್ಕೆ ಅಡಿಗೆ ಬಿದ್ದಿದೆ. ಹೊಲದಲ್ಲಾಗಿದ್ರೆ ಸೋತ ಹಾವು ಎರಡು ಬದು ದಾಟಿ ಹೋಗ್ತಿತ್ತು. ಗಾಜಿನಲ್ಲಿ ಬದು ಎಲ್ಲಿದೆ?

ಹುಡುಗ ಆಗ ಒಂದು ಪುಸ್ತಕ ತಂದ. ತಿಂಗಳು ತಿಂಗಳು ತೂಕ ಬರೆದಿಟ್ಟಿದಾನೆ, ಅಡುಗೆಮನೆ ತಕ್ಕಡೀಲಿ ಇಟ್ಟು. ಚಿಕ್ಕದು ಬಂದಾಗ 640 ಗ್ರಾಂ, ಈಗ 570. ಅದನ್ನ ಓದಿ ಹೇಳುವಾಗ ಅವನ ಧ್ವನಿ ಸಣ್ಣಗಾಯ್ತು. ಈ ಹಾವು ಚೆನ್ನಾಗಿದ್ದಾಗಲೂ ಒಂದೊಂದು ಸಾರಿ ತಿಂಗಳುಗಟ್ಟಲೆ ಊಟ ಬಿಡುತ್ತೆ, ಅದಕ್ಕೇ ಹೆದರಿಕೊಂಡಿರಲಿಲ್ಲ ಅಂದ. ಸರಿ, ಆದರೆ ತೂಕ ಇಳೀತಿದೆ ಅಂದ್ರೆ ಸುಮ್ನೆ ಇರಬಾರದು, ಮೊದಲು ಬೇರೆ ಮಾಡು, ಆಮೇಲೂ ತಿನ್ನದಿದ್ರೆ ಡಾಕ್ಟರ್ ಹತ್ರ ಹೋಗು ಅಂದೆ. ಅಲ್ಲಿ ಹಾವಿಗೂ ಡಾಕ್ಟರ್ ಇದಾರಂತೆ. ನಮ್ಮಲ್ಲಿ ಎಮ್ಮೆಗೆ ಸಿಕ್ಕಿದ್ರೆ ಪುಣ್ಯ.

ಇನ್ನೊಂದು ವಿಚಾರಕ್ಕೆ ನಾನು ತಂಗಿ ಮಗನಿಗೇ ಸ್ವಲ್ಪ ಜೋರು ಮಾಡಿದೆ. ಹೊಸ ಹಾವು ಅಂಗಡಿಯಿಂದ ತಂದ ದಿನವೇ ಹಳೇದರ ಜೊತೆ ಬಿಟ್ಟಿದಾರೆ. ಹಾವಿಗೂ ಉಣುಗು ಥರದ ಸಣ್ಣ ಹುಳ ಹತ್ತುತ್ತೆ, ಉಸಿರಿನ ಕಾಯಿಲೆ ಬರುತ್ತೆ, ಒಂದರಿಂದ ಒಂದಕ್ಕೆ ಹರಡುತ್ತೆ. ಒಟ್ಟಿಗಿದ್ದಾಗ ಪೆಟ್ಟಿಗೇಲಿ ಕಕ್ಕಿದ್ದು ಕಂಡರೆ, ಹೇತಿದ್ದರಲ್ಲಿ ಹೆಚ್ಚುಕಮ್ಮಿ ಕಂಡರೆ ಯಾವುದರದು ಅಂತ ಹೆಂಗೆ ಹೇಳ್ತೀಯ? ಇದು ನನಗೆ ಪುಸ್ತಕದಿಂದ ಬಂದ ಬುದ್ಧಿ ಅಲ್ಲ. ಮೂರು ವರ್ಷದ ಹಿಂದೆ ಸಂತೆಯಿಂದ ತಂದ ಎರಡು ಹೋತದ ಮರಿಯನ್ನ ಮಳೆ ಅಂತ ಆವತ್ತೇ ರಾತ್ರಿ ದೊಡ್ಡಿಗೆ ಕೂಡಿದ್ದೆ. ಐದನೇ ದಿನ ಮೂಗಲ್ಲಿ ಕಣ್ಣಲ್ಲಿ ಸುರಿಯೋಕೆ ಶುರು, ಬೇಧಿ, ಬಾಯೊಳಗೆ ಹುಣ್ಣು. ಪಿಪಿಆರ್. ಹದಿನಾಲ್ಕರಲ್ಲಿ ಐದು ಹೋದವು. ಈಗ ಯಾವ ಪ್ರಾಣಿ ತಂದರೂ ಮೂರು ವಾರ ಹುಲ್ಲಿನ ಮನೆ ಪಕ್ಕದ ಗುಡಿಸಲಲ್ಲಿ ಬೇರೆ ಕಟ್ತೀನಿ, ನೀರಿನ ಬಕೆಟ್ಟೂ ಬೇರೆ, ಮೊದಲು ಹಳೇವನ್ನ ನೋಡ್ಕೊಂಡು ಆಮೇಲೆ ಹೊಸದರ ಹತ್ರ ಹೋಗ್ತೀನಿ. ಲಸಿಕೆ ತಪ್ಪಿಸಲ್ಲ. ಹೆಂಡ್ತಿ ಇದನ್ನ ಅಮೆರಿಕ ಕೊಟ್ಟಿಗೆ ಅಂತ ಆಡ್ಕೊಳ್ತಾಳೆ.

ಕೊನೆಗೆ ಹುಡುಗ ಕೇಳಿದ ಒಂದು ಮಾತಿಗೆ ಮಾತ್ರ ನನಗೆ ಉತ್ತರ ತಕ್ಷಣ ಬರಲಿಲ್ಲ. "ಬೇರೆ ಬೇರೆ ಇಟ್ಟರೆ ಅವಕ್ಕೆ ಲೋನ್ಲಿ ಆಗಲ್ವಾ ತಾತ?"

ಮೇಕೆ ಒಂಟಿಯಾದ್ರೆ ರಾತ್ರಿಯೆಲ್ಲ ಅರಚುತ್ತೆ. ಜೋಡೆತ್ತಲ್ಲಿ ಒಂದು ಹೋದ್ರೆ ಇನ್ನೊಂದು ಮೇವು ಬಿಡೋದನ್ನ ಕಣ್ಣಾರೆ ನೋಡಿದೀನಿ. ಆದರೆ ಹಾವು ಹಂಗಲ್ಲ. ನಲವತ್ತು ವರ್ಷದಿಂದ ತೋಟದಲ್ಲಿ ನೋಡಿದೀನಿ, ಬೆದೆಯ ಕಾಲ ಬಿಟ್ಟರೆ ಒಂದೊಂದೇ ಓಡಾಡ್ತವೆ. ನಾಗರ ಮೊಟ್ಟೆ ಇಟ್ಟು ಕಾಯುತ್ತೆ, ಅಷ್ಟಕ್ಕೆ ಸರಿ. ಮರಿ ಹೊರಗೆ ಬಂದ ದಿನದಿಂದಲೇ ಒಂದೊಂದು ಒಂದೊಂದು ದಿಕ್ಕು. ಒಂಟಿತನ ಅನ್ನೋದು ಅವುಗಳ ಕಾಯಿಲೆ ಅಲ್ಲ ಕಣಪ್ಪ ಅಂದೆ. ಹಂಗಂದ ಮೇಲೆ ನನಗೆ ಹೊಳೆದಿದ್ದು, ಅವರು ಆ ಊರಿಗೆ ಮನೆ ಬದಲಾಯಿಸಿ ಎಂಟೇ ತಿಂಗಳಾಗಿದೆ, ಹುಡುಗನಿಗೆ ಹೊಸ ಸ್ಕೂಲು. "ಸಂಜೆ ಹೊತ್ತು ಯಾರ ಜೊತೆ ಆಡ್ತೀಯಪ್ಪ?" ಅಂತ ಕೇಳಿದೆ. "ಇವರ ಜೊತೆ" ಅಂತ ಪೆಟ್ಟಿಗೆ ತೋರಿಸಿದ. ತಂಗಿ ಮಗ ಫೋನ್ ಈಸ್ಕೊಂಡು ಬೇರೆ ಮಾತು ತೆಗೆದ. ಆಮೇಲೆ ನಾನು ಅವನಿಗೆ ಬೇರೆಯಾಗಿ ಫೋನ್ ಮಾಡಿ ಮಾತಾಡಿದೆ, ಅದನ್ನ ಇಲ್ಲಿ ಬರೆಯಲ್ಲ.

ಮೊನ್ನೆ ಬುಧವಾರ ಫೋಟೋ ಬಂತು. ಎರಡು ಪೆಟ್ಟಿಗೆ, ಎರಡರಲ್ಲೂ ಬಿಸಿ ಕಡೆ ಒಂದು ಗೂಡು, ತಂಪು ಕಡೆ ಒಂದು ಗೂಡು. ಮಧ್ಯಕ್ಕೆ ರಟ್ಟು ಇಟ್ಟಿದಾನೆ. ಕರೆಂಟ್ ಬಿಲ್ಲು ಡಬಲ್ ಆಗುತ್ತೆ ಅಂತ ಅವನ ಹೆಂಡ್ತಿ ಗೊಣಗಾಟವಂತೆ. ಚಿಕ್ಕದು ಇನ್ನೂ ತಿಂದಿಲ್ಲ. ಆದರೆ ಗೂಡಿಂದ ತಲೆ ಹೊರಗೆ ಹಾಕಿ ರಾತ್ರಿ ಓಡಾಡ್ತಿದೆ ಅಂತ ಹುಡುಗ ಬರೆದಿದಾನೆ. ಮುಂದಿನ ಭಾನುವಾರ ತೂಕ ಹಾಕ್ತಾನಂತೆ. ಗೊತ್ತಾದ ಮೇಲೆ ನಿಮಗೂ ಹೇಳ್ತೀನಿ.

ನಮ್ಮ ಕಡೆಯವರಿಗೆ ಒಂದೆರಡು ಮಾತು. ಮಳೆ ಶುರುವಾಗಿದೆ, ಬಿಲಕ್ಕೆಲ್ಲ ನೀರು ನುಗ್ಗಿ ಹಾವು ಮೇಲೆ ಬರ್ತವೆ. ಸೌದೆ, ಮಟ್ಟೆ ರಾಶಿಗೆ ಬರಿಗೈ ಹಾಕಬೇಡಿ, ಮೊದಲು ಕೋಲಲ್ಲಿ ತಟ್ಟಿ. ಹಾವು ಬಂದ್ರೆ ಹಿಡಿಯೋರು ಬರೋ ತನಕ ದೂರದಿಂದ ಕಣ್ಣಿಟ್ಟಿರಿ ಸಾಕು, ನನ್ನ ಥರ ಡ್ರಮ್ ಸರ್ಕಸ್ ಬೇಡ. ಕಚ್ಚಿದರೆ ಹಗ್ಗ ಬಿಗಿಯೋದು, ಕುಯ್ಯೋದು, ಮಂತ್ರ ಹಾಕಿಸೋದು ಬಿಟ್ಟು, ಕೈಕಾಲು ಅಲ್ಲಾಡಿಸದೆ ಸೀದಾ ಆಸ್ಪತ್ರೆಗೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕಕ್ಕೂ ಒಂದೇ ಇಂಜೆಕ್ಷನ್, ಹಾವನ್ನ ಹಿಡ್ಕೊಂಡು ಹೋಗಿ ತೋರಿಸೋ ಅವಶ್ಯಕತೆ ಇಲ್ಲ. ಹಿಡಿಯೋ ಹುಡುಗನ ನಂಬರ್ ಬೇಕಾದೋರು ನನಗೆ ಮೆಸೇಜ್ ಮಾಡಿ, ಅವನನ್ನ ಕೇಳಿ ಕೊಡ್ತೀನಿ. ಬಂದ್ರೆ ಪೆಟ್ರೋಲಿಗೆ ದುಡ್ಡು ಕೊಡೋದು ಮರೀಬೇಡಿ, ಅವನು ಬಾಯಿಬಿಟ್ಟು ಕೇಳಲ್ಲ. ಈಗ ಅವನ ಬೈಕಿನಲ್ಲಿ ಆರು ಬಟ್ಟೆ ಚೀಲ ಇರ್ತವೆ, ನಾಲ್ಕು ನನ್ನ ಹೆಂಡ್ತಿ ಹೊಲಿದು ಕೊಟ್ಟಿದ್ದು.

ಹೋದ ವರ್ಷದಿಂದ ಅಟ್ಟದಲ್ಲಿ ಮತ್ತೊಂದು ಕೇರೆ ಸೇರಿದೆ. ಇದು ದೊಡ್ಡದು, ಆರಡಿ ಮೇಲೆ. ಕಾಯಿ ರಾಶಿಯ ಹಿಂದೆ ಗೋಡೆ ಮೂಲೆ ಅದರ ಜಾಗ. ನಾಳೆ ಕಾಯಿ ಸುಲಿಯೋರು ಬರ್ತಾರೆ. ಆ ಮೂಲೆ ಬಿಟ್ಟು ಈ ಕಡೆಯಿಂದ ಶುರು ಮಾಡ್ಕೊಳ್ಳಿ ಅಂತ ಇವತ್ತೇ ಹೇಳಿ ಬಂದಿದೀನಿ. ದಿನಕ್ಕೆ ಐವತ್ತು ರೂಪಾಯಿ ಜಾಸ್ತಿ ಕೇಳಿದ್ರು. ಒಪ್ಕೊಂಡೆ.